ಮೊದಲು ಕೈ, ಆಮೇಲೆ ಮಾತು

ಇಪ್ಪತ್ತೊಂದನೇ ತಾರೀಕು, ಭಾನುವಾರ ಬೆಳಗ್ಗೆ

ಪ್ರೀತಿಯ ಅಕ್ಕ,

ನಾನು ಕ್ಷೇಮ, ಗಾಜೂ ಕ್ಷೇಮ. ಇದರಲ್ಲಿ ಎರಡನೆಯ ಮಾತು ಪೂರ್ತಿ ನಿಜ, ಮೊದಲನೆಯದು ಮುಕ್ಕಾಲು ನಿಜ. ಉಳಿದ ಕಾಲು ಭಾಗವನ್ನು ಹೇಳಿಬಿಡೋಣ ಅಂತಲೇ ಕಾಗದ ಹಿಡಿದು ಕೂತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟಿರುತ್ತೀಯ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಪೂರ್ತಿ ಓದು. ಬಯ್ಯುವುದಿದ್ದರೆ ಆಮೇಲೆ ಬಯ್ಯಿ.

ನೀನು ನಾನು ಕೆಲಸ ಮಾಡುವ ಜಾಗ ನೋಡಿಲ್ಲ. ಬಾ ಅಂತ ಕರೆದಾಗಲೆಲ್ಲ 'ಗಾಜು ಉಜ್ಜೋದನ್ನ ಏನೇ ನೋಡೋದು, ನೀನೇ ಬಂದು ನಮ್ಮನೆ ಕಿಟಕಿ ಉಜ್ಜಿಕೊಡು' ಅಂತ ರೇಗಿಸುತ್ತೀಯ. ಉಜ್ಜುವುದೇನೋ ಹೌದು. ಆದರೆ ಅದು ಯಾವುದೋ ಬೆಟ್ಟದ ತುದಿಯಲ್ಲಿ ದೂರದರ್ಶಕದೊಳಗೆ ಹೋಗಿ ಕೂರಬೇಕಾದ ಕನ್ನಡಿ ಕಣೇ. ನಾವು ಚಿಕ್ಕವರಿದ್ದಾಗ ಎಲ್ಲರೂ ಸಾಲಾಗಿ ಮಲಗುತ್ತಿದ್ದೆವಲ್ಲ ಆ ನಡುಮನೆ, ಅಷ್ಟು ಅಗಲ. ನೋಡಿದರೆ ಚಪ್ಪಟೆ ಅನ್ನಿಸುತ್ತದೆ, ಆದರೆ ನಡುವೆ ತಟ್ಟೆಯ ಹಾಗೆ ಚೂರೇ ಚೂರು ತಗ್ಗು. ಆ ತಗ್ಗು ಎಲ್ಲ ಕಡೆಯೂ ಒಂದೇ ಹದದಲ್ಲಿರಬೇಕು. ಒಂದು ಕೂದಲನ್ನು ಸಾವಿರ ಸೀಳು ಮಾಡಿ, ಅದರಲ್ಲಿ ಒಂದು ಸೀಳಿನಷ್ಟು ಎಲ್ಲಾದರೂ ಉಬ್ಬಿದರೂ ಸಾಕು, ನಕ್ಷತ್ರ ಕದಡಿದ ಹಾಗೆ ಕಾಣುತ್ತದೆ. ಅರಗು ಮೆತ್ತಿದ ಭಾರದ ಹಲಗೆಗೆ ಪುಡಿ ಕಲಸಿದ ನೀರು ಸವರಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ತಿಂಗಳಾನುಗಟ್ಟಲೆ ಉಜ್ಜುತ್ತೇವೆ.

ಅಷ್ಟು ಸಣ್ಣ ಉಬ್ಬು ಕಣ್ಣಿಗೆ ಕಾಣುವುದು ಹೇಗೆ ಅಂತೀಯಾ? ಅದೇ ನನಗೆ ಹುಚ್ಚು ಹಿಡಿಸಿದ್ದು. ಪರೀಕ್ಷೆಯ ಕೋಣೆ ಅಂತ ಒಂದಿದೆ, ಉದ್ದವಾಗಿ, ಕತ್ತಲಾಗಿ. ಆ ತುದಿಯಲ್ಲಿ ಗಾಜನ್ನು ಎತ್ತಿ ನಿಲ್ಲಿಸಿ, ಈ ತುದಿಯಿಂದ ಸೂಜಿ ಕಣ್ಣಿನಷ್ಟು ಬೆಳಕು ಬಿಡುತ್ತಾರೆ. ಅದು ಗಾಜಿಗೆ ತಾಕಿ ತಿರುಗಿ ಬರುವಾಗ ಬ್ಲೇಡಿನ ಅಂಚನ್ನು ಅಡ್ಡ ಹಿಡಿದು ಇಣುಕಬೇಕು. ಮೊದಲ ಸಲ ಇಣುಕಿದಾಗ ಬೆಳದಿಂಗಳಲ್ಲಿ ಗುಡ್ಡ ಕಣಿವೆ ನೋಡಿದ ಹಾಗಾಯಿತು. ಬರೀ ಗಾಜು, ಅಕ್ಕ! ಕೈ ಆಡಿಸಿದರೆ ಬೆಣ್ಣೆಯಷ್ಟು ನುಣುಪು. ಅದರ ಮೇಲೆ ಇಷ್ಟೊಂದು ಗುಡ್ಡ. ಆಮೇಲೆ ನನಗೆ ಕೆಲಸ ಕಲಿಸುತ್ತಿದ್ದವರು ಆ ತುದಿಗೆ ಹೋಗಿ, 'ಈಗ ನೋಡು' ಅಂತ ಹೇಳಿ, ಗಾಜಿನ ಮೇಲೆ ಹೆಬ್ಬೆರಳು ಇಟ್ಟು ತೆಗೆದರು. ಒತ್ತಲಿಲ್ಲ, ಬರೀ ಇಟ್ಟು ತೆಗೆದದ್ದು. ಅವರು ಬೆರಳಿಟ್ಟ ಜಾಗದಲ್ಲಿ ಒಂದು ಬೆಟ್ಟ ಎದ್ದು ನಿಂತಿತ್ತು. ಮೈ ಬಿಸಿಗೆ ಗಾಜು ಊದಿಕೊಂಡಿತ್ತು. ನಾನು 'ಅಯ್ಯಪ್ಪಾ' ಅಂತ ಕೂಗಿದ್ದು ಹೊರಗಿನವರಿಗೂ ಕೇಳಿಸಿತಂತೆ. ಕಂಡ ಕಂಡ ತೂತಿಗೆಲ್ಲ ಕಣ್ಣಿಟ್ಟು ನಿನ್ನ ಕೈಲಿ 'ಇಣುಕಿ' ಅನ್ನಿಸಿಕೊಂಡವಳು ನಾನು. ಇಣುಕುವುದಕ್ಕೇ ಸಂಬಳ ಕೊಡುವ ಜಾಗ ಸಿಕ್ಕಿತಲ್ಲ ಅಂತ ಅವತ್ತು ರೂಮಿಗೆ ಬಂದು ಒಬ್ಬಳೇ ನಕ್ಕಿದ್ದೆ.

ಆ ಹೆಬ್ಬೆರಳಿನವರ ವಿಷಯವೇ ಈ ಪತ್ರ.

ನಮ್ಮಲ್ಲಿ ಒಂದು ಗಾಜಿಗೆ ಇಬ್ಬರು. ಅವರಿಗೆ ಜೋಡಿ ಅನ್ನುತ್ತಾರೆ. ಗಾಜು ಮುಗಿಯುವವರೆಗೂ ಜೋಡಿ ಬದಲಾಗುವುದಿಲ್ಲ, ಯಾಕೆಂದರೆ ಒಬ್ಬೊಬ್ಬರ ಕೈಯ ಭಾರ ಒಂದೊಂದು ಥರ. ನನ್ನ ಜೋಡಿ ಅವರೇ, ಐವತ್ತರ ಹತ್ತಿರದ ಹೆಂಗಸು. ಗಂಡ ಮಕ್ಕಳು ಯಾರೂ ಇಲ್ಲ. ಮೊಣಕೈವರೆಗೆ ತೋಳು ಮಡಚಿ ಗಾಜಿನ ಪಕ್ಕ ನಿಂತರೆ ಆಯಿತು, ಊಟದ ಗಂಟೆಯೂ ಕೇಳಿಸುವುದಿಲ್ಲ. ನಾನು ಅವರ ಕೈಯನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಹಲಗೆಯ ಎಳೆತದ ಲಯ ಕಲಿಸುವಾಗ ನನ್ನ ಕೈ ಮೇಲೆ ಕೈ ಇಟ್ಟು ತೋರಿಸುತ್ತಿದ್ದರು. ಕೆಲಸ ಕಲಿಸುವುದೇ ಹಾಗೆ, ಅದರಲ್ಲೇನಿದೆ? ಆದರೆ ಬರುಬರುತ್ತ ಲಯ ಕೂಡಿದ ಮೇಲೂ ಕೈ ಅಲ್ಲೇ ಇರುತ್ತಿತ್ತು. ಆಮೇಲೆ ಕುತ್ತಿಗೆ ಮೇಲಿನ ಕೂದಲು ಸರಿಸುವುದು ಶುರುವಾಯಿತು. 'ನಿನ್ನ ಕುತ್ತಿಗೆ ನೋಡಿದ್ರೆ ನಂಗೆ ಕೆಲಸ ಮರ್ತುಹೋಗುತ್ತೆ' ಅನ್ನುವ ಮಾತೂ ಬಂತು. ನಾನು ನಕ್ಕು ತೇಲಿಸಿದೆ. ಮಾರನೇ ದಿನದಿಂದ ದುಪಟ್ಟಾ ಸುತ್ತಿಕೊಂಡು ಹೋದೆ, ಸೆಕೆಯಲ್ಲಿ.

ಒಂದು ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನನ್ನು ಗೋಡೆಗೆ ಒತ್ತಿ ಮುತ್ತು ಕೊಟ್ಟರು. ಮುಖ ತಿರುಗಿಸಿಕೊಂಡೆ. ಈ ಸಲ ನಗಲಿಲ್ಲ. 'ಮೇಡಂ, ನಂಗೆ ಇದು ಬೇಡ. ನಿಮ್ಮ ಹತ್ರ ಕೆಲಸ ಕಲಿಯೋಕೆ ಬಂದಿದ್ದೀನಿ, ಅಷ್ಟೇ' ಅಂತ ಬಿಡಿಸಿ ಹೇಳಿದೆ. ಅವರು 'ಆಯ್ತು ಬಿಡು ಮಾರಾಯ್ತಿ, ತಮಾಷೆಗೆ' ಅಂದರು. ಕೆಲವು ದಿನ ಸುಮ್ಮನಿದ್ದರು. ಆಮೇಲೆ ಮತ್ತೆ ಅದೇ. ಮತ್ತೆ ಬೇಡ ಅಂದೆ. ಆಗ ತಮಾಷೆ ಅನ್ನಲಿಲ್ಲ, 'ನಿಂಗೇ ಗೊತ್ತಿಲ್ಲ ನಿಂಗೇನು ಬೇಕು ಅಂತ' ಅಂದರು. ಅಕ್ಕ, ಆ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ನನಗೇನು ಬೇಕು ಅಂತ ನನಗೆ ಗೊತ್ತಿಲ್ಲವಂತೆ!

ಯಾರಿಗೆ ಹೇಳುವುದು? ಪುಡಿ ತೂಗಿ ಕಲಸುವವಳೊಬ್ಬಳಿದ್ದಾಳೆ, ನನ್ನ ವಾರಿಗೆಯವಳು, ಗಟ್ಟಿ ಬಾಯಿ. ಅವಳಿಗೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. 'ಅಯ್ಯೋ, ಹೆಂಗಸು ತಾನೇ? ಗಂಡಸಾಗಿದ್ರೆ ಹೇಳು, ನಾನೇ ಚಪ್ಪಲಿ ಬಿಚ್ತೀನಿ. ಪಾಪ, ಮಕ್ಳಿಲ್ಲದೋರು, ಪ್ರೀತಿ ಜಾಸ್ತಿ' ಅಂದಳು. ಅವಳ ಮೇಲೆ ಸಿಟ್ಟು ಬರುವ ಬದಲು ನನ್ನ ಮೇಲೇ ಅನುಮಾನ ಬಂತು. ನಾನೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿದ್ದೇನೋ ಏನೋ ಅಂತ. ಮುತ್ತು ಕೊಟ್ಟದ್ದನ್ನೂ ಕಲ್ಪಿಸಿಕೊಳ್ಳುತ್ತಾರಾ ಯಾರಾದರೂ?

ಜೋಡಿ ಬದಲಿಸಿ ಅಂತ ಕೇಳಿದರೆ ಬದಲಿಸುವುದು ಹೊಸಬಳನ್ನೇ. ಅಂದರೆ ನಾನು ಆ ಗಾಜನ್ನು ಬಿಡಬೇಕು. ನನಗೆ ಅದು ಸುತರಾಂ ಸಾಧ್ಯವಿರಲಿಲ್ಲ. ನೀನು ನಗಬೇಡ. ಅದರ ಮೇಲಿನ ಒಂದೊಂದು ಗುಡ್ಡವನ್ನೂ ನಾನು ಇಳಿಸಿದ್ದೇನೆ. ಮನುಷ್ಯರು ಹುಟ್ಟುವ ಮೊದಲು ಹೊರಟ ಬೆಳಕು ಬಂದು ಅದರ ಮೇಲೆ ಬೀಳುವಾಗ, ನಾನು ಉಜ್ಜಿದ ಜಾಗದಲ್ಲೂ ಬೀಳುತ್ತದಲ್ಲ ಅಂತ ನೆನೆದುಕೊಂಡೇ ಈಗಲೂ ಹಲಗೆ ಹಿಡಿಯುತ್ತೇನೆ. ಅದನ್ನು ಬಿಟ್ಟು ಎಲ್ಲಿಗೆ ಹೋಗಲಿ? ಆದ್ದರಿಂದ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡು ಹೋಗುತ್ತಲೇ ಇದ್ದೆ. ಬಟ್ಟೆ ಬದಲಿಸದೆ ಕೆಲಸದ ಬಟ್ಟೆಯಲ್ಲೇ ಬಸ್ಸು ಹತ್ತುತ್ತಿದ್ದೆ. ಬಸ್ಸಿನಲ್ಲಿ ಜನ ನನ್ನ ಮೈಮೇಲಿನ ಬಿಳಿ ಪುಡಿ ನೋಡಿ ಹಿಟ್ಟಿನ ಗಿರಣಿಯವಳು ಅಂದುಕೊಂಡಿರಬೇಕು.

ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀಯ. ಅಮ್ಮನಿಗೆ ಅರ್ಧ ಹೇಳಿದ್ದೆ. ಅಮ್ಮ ಏನಂದಳು ಅನ್ನುವುದನ್ನು ಬರೆಯಬಾರದು ಅಂದುಕೊಂಡಿದ್ದೆ, ಆದರೆ ಬರೆಯದಿದ್ದರೆ ನಿನಗೆ ಅರ್ಥವಾಗುವುದಿಲ್ಲ. 'ನಿಮ್ಮಕ್ಕನ ಥರದೋರು ಎಲ್ಲಾ ಕಡೆ ಇದ್ದಾರೆ ಅನ್ನು' ಅಂದಳು. ನಾನು ಫೋನ್ ಕುಕ್ಕಿದೆ. ನೀನೂ ನಿನ್ನ ಅವರೂ ಒಂದೇ ಸೂರಿನಡಿ ಇಷ್ಟು ವರ್ಷದಿಂದ ಬಾಳುತ್ತಿದ್ದೀರಿ, ಅಮ್ಮ ಅವರನ್ನು ಇನ್ನೂ 'ನಿಮ್ಮಕ್ಕನ ರೂಮಿನವಳು' ಅನ್ನುತ್ತಾಳೆ. ಈಗ ನಾನು ಬಂದು ಹೆಂಗಸೊಬ್ಬಳು ನನ್ನ ಮೈ ಮುಟ್ಟಿದಳು ಅಂದರೆ ಆ ಕೊಳೆಯನ್ನು ತಂದು ನಿಮ್ಮ ಹೊಸಿಲಿಗೆ ಹಾಕಿದಂತಾಗುತ್ತದೆ ಅನ್ನಿಸಿತು. ನೀನು ಆ ಹೆಂಗಸಿನ ಪರ ಬೇಸರಪಡಬೇಕೋ, ನನ್ನ ಪರ ಬೇಸರಪಡಬೇಕೋ ತಿಳಿಯದೆ ಒದ್ದಾಡುತ್ತೀಯ ಅನ್ನಿಸಿತು. ನಿನ್ನನ್ನು ಅಷ್ಟು ಕಡಿಮೆಯಾಗಿ ಅಂದಾಜು ಮಾಡಿದ್ದಕ್ಕೆ ನನಗೆ ಎರಡು ಬಿಗಿ.

ಈಗ ಮುಖ್ಯ ಸಂಗತಿ. ನಮ್ಮ ಕಾರ್ಯಾಗಾರದಲ್ಲಿ ಒಂದು ಕಟ್ಟಳೆ ಇದೆ. ಉಜ್ಜುವಾಗ ಯಾರಿಗಾದರೂ 'ಕರ್ರ್' ಅನ್ನುವ ಸದ್ದು ಕೇಳಿಸಿದರೆ, ಅಥವಾ ಗಾಜಿನ ಮೇಲೆ ಒಂದು ಮರಳಿನ ಕಣ ಕಂಡರೆ, 'ಕೈ!' ಅಂತ ಕೂಗಬೇಕು. ಕೂಗು ಬಿದ್ದರೆ ಯಾರೇ ಇರಲಿ, ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಎರಡೂ ಕೈ ಮೇಲೆ. ಒಂದು ಎಳೆತ ಹೆಚ್ಚಾದರೂ ಗೀರು ಬಿದ್ದು ವರ್ಷದ ಕೆಲಸ ಮಣ್ಣುಪಾಲು. ಯಾಕೆ, ಏನು, ಯಾರು ಅಂತ ಕೇಳುವುದೆಲ್ಲ ಆಮೇಲೆ. ಮೊದಲು ಕೈ, ಆಮೇಲೆ ಮಾತು. ಮೇಷ್ಟ್ರು 'ಇಳಿಸಿ' ಅನ್ನುವವರೆಗೆ ಕೈ ಇಳಿಸುವಂತಿಲ್ಲ. ಇನ್ನೊಂದು, ಸುಮ್ಮಸುಮ್ಮನೆ ಕೂಗಿಬಿಟ್ಟರೂ ಕೂಗಿದವರನ್ನು ಯಾರೂ ಬಯ್ಯುವಂತಿಲ್ಲ. ಬೈದರೆ ಮುಂದಿನ ಸಲ ಹೆದರಿ ಕೂಗುವುದಿಲ್ಲ ಅಂತ. ಮೇಷ್ಟ್ರು ಅಂದರೆ ನಮ್ಮ ಮುಖ್ಯಸ್ಥರು. ಪಾಠ ಮಾಡಿದವರಲ್ಲ, ಆದರೆ ಮುಖ ನೋಡಿದರೆ ಎಲ್ಲರಿಗೂ ಮಗ್ಗಿ ಮರೆತುಹೋಗುತ್ತದೆ.

ಹೋದ ತಿಂಗಳು ಒಂದು ಬೆಳಗ್ಗೆ ಪರೀಕ್ಷೆ ಇತ್ತು. ನಮ್ಮ ಗಾಜು ಆ ತುದಿಯಲ್ಲಿ ನಿಂತಿತ್ತು. ನಾನು ಬ್ಲೇಡಿನ ಹಿಂದೆ ಸ್ಟೂಲಿನ ಮೇಲೆ ಕೂತು ಇಣುಕುತ್ತಿದ್ದೆ, ಜೋಡಿ ನನ್ನ ಬೆನ್ನ ಹಿಂದೆ. ಕರಿ ಪರದೆಯ ಆಚೆ, ದೊಡ್ಡ ಹಾಲಿನಲ್ಲಿ, ಉಳಿದವರು ಇನ್ನೊಂದು ಗಾಜು ಉಜ್ಜುತ್ತಿದ್ದರು. ಅವತ್ತು ಗಾಜು ಎಷ್ಟು ಚೆನ್ನಾಗಿತ್ತು ಗೊತ್ತಾ, ಅಂಚಿನಿಂದ ಅಂಚಿಗೆ ಒಂದೇ ಬೂದು ಬಣ್ಣ, ಗಾಳಿಯಿಲ್ಲದ ದಿನದ ಕೆರೆಯ ಹಾಗೆ. ನಾನು ಉಸಿರು ಬಿಗಿಹಿಡಿದಿದ್ದೆ. ಆಗ ಅವರ ಕೈ ನನ್ನ ಸೊಂಟ ಬಳಸಿ, ಏಪ್ರನ್ನಿನ ಕೆಳಗೆ ನುಗ್ಗಿ, ಮೇಲಕ್ಕೆ ಬಂತು.

ನಾನು ಯೋಚಿಸಿ ಕೂಗಿದ್ದಲ್ಲ, ಅಕ್ಕ. ಬಾಯಿಂದ ತಾನಾಗಿ ಬಂದುಬಿಟ್ಟಿತು. 'ಕೈ!'

ಆ ಕೈ ಹೇಗೆ ಹೋಯಿತು ಅನ್ನುತ್ತೀಯಾ! ಬಿಸಿ ಮುಟ್ಟಿದ ಹಾಗೆ ಹಾರಿಹೋಯಿತು. ಎಷ್ಟು ಸಲ ಬೇಡ ಅಂದರೂ ಕೇಳದ ಕೈ ಅದು. ಇಷ್ಟು ವರ್ಷ ಪಳಗಿದ ಆ ಒಂದು ಅಕ್ಷರಕ್ಕೆ ನೆಟ್ಟಗೆ ಎದ್ದು ಅವರ ತಲೆ ಮೇಲೆ ನಿಂತುಬಿಟ್ಟಿತು. ನಾನು ಪರದೆ ಸರಿಸಿ ಹೊರಗೆ ಬಂದೆ. ಹಾಲಿನಲ್ಲಿ ಇದ್ದಬದ್ದವರೆಲ್ಲ ಕೈ ಎತ್ತಿ ನಿಂತಿದ್ದಾರೆ. ಗಾಜು ಉಜ್ಜುತ್ತಿದ್ದವರು, ಮೂಲೆಯಲ್ಲಿ ಅರಗು ಕಾಯಿಸುತ್ತಿದ್ದ ಅರಗಿನಣ್ಣ, ಪುಡಿಯವಳು, ಅವತ್ತು ಬಲ್ಬು ಬದಲಿಸಲು ಬಂದಿದ್ದ ಲೈಟ್ ರಿಪೇರಿಯವನು ಕೂಡ ಎಲ್ಲರನ್ನೂ ನೋಡಿ ಏಣಿಯ ಮೇಲೆ ಎರಡೂ ಕೈ ಎತ್ತಿಕೊಂಡು ನಡುಗುತ್ತಿದ್ದಾನೆ. ನನ್ನ ಒಂದು ಕೂಗಿಗೆ! ಮನೆಯಲ್ಲಿ ಟೀವಿ ಸಣ್ಣ ಮಾಡಿ ಅಂದರೂ ಯಾರೂ ಕೇಳದ ನನ್ನ ಕೂಗಿಗೆ. ಅವತ್ತು ನಿಂತು ಆ ಕೈಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಬೆಟ್ಟದ ಮೇಲಿನ ಆಕಾಶ ನೋಡಿದರೂ ಅಷ್ಟು ಬೆರಗಾಗುತ್ತದೋ ಇಲ್ಲವೋ.

ಮೇಷ್ಟ್ರು ತಾವೂ ಕೈ ಎತ್ತಿಕೊಂಡೇ ನಡೆದು ಬಂದರು. ಕಟ್ಟಳೆಯ ಪ್ರಕಾರ ಕೇಳಿದರು. 'ಯಾರು ಕೂಗಿದ್ದು? ಗಾಜಿನ ಮೇಲೆ ಏನು ಕಂಡ್ರಿ?'

ಒಂದು ಸುಳ್ಳು ಹೇಳಿದರೆ ಮುಗಿದುಹೋಗುತ್ತಿತ್ತು. ಏನೋ ಕಂಡ ಹಾಗಾಯಿತು ಸಾರ್, ಅಂದರೆ ಸಾಕು. ಆದರೆ ಹಾಗೆ ಅಂದಿದ್ದರೆ ಅವತ್ತೇ ನಮ್ಮ ಗಾಜನ್ನು ಇಳಿಸಿ, ತೊಳೆದು, ಅರಗನ್ನೆಲ್ಲ ಕೆತ್ತಿ ತೆಗೆದು ಹೊಸದಾಗಿ ಮೆತ್ತಬೇಕಿತ್ತು. ಅಂಥ ಗಾಜಿನ ಮೇಲೆ ಇಲ್ಲದ ದೋಷ ಹೊರಿಸುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಮಾನದ ಯೋಚನೆ ಬಂದದ್ದು ಆಮೇಲೆ. ಮೊದಲು ಬಂದದ್ದು ಗಾಜಿನ ಯೋಚನೆ. 'ಗಾಜಿನ ಮೇಲಲ್ಲ ಮೇಷ್ಟ್ರೇ. ನನ್ನ ಮೇಲೆ' ಅಂದೆ. ಯಾರಿಗೂ ಅರ್ಥವಾಗಲಿಲ್ಲ. 'ಮೇಡಂ ಕತ್ತಲೇಲಿ ನನ್ನ ಮೈಗೆ ಕೈ ಹಾಕಿದ್ರು. ಬೇಡ ಅಂತ ಮೊದಲೇ ಹೇಳಿದ್ದೆ, ಬಿಡಿಸಿ ಹೇಳಿದ್ದೆ. ನಂಗೆ ಬೇರೆ ಮಾತು ಹೊಳೀಲಿಲ್ಲ, ಕೂಗಿಬಿಟ್ಟೆ' ಅಂದೆ. ಕೊನೆಯ ಮಾತು ಇಲಿಯ ಸದ್ದಿನ ಹಾಗೆ ಬಂತು.

ಪುಡಿಯವಳು ಅಭ್ಯಾಸಬಲದಿಂದ ಕಿಸಕ್ಕೆಂದಳು. ಮೇಷ್ಟ್ರು ಅವಳ ಕಡೆ ತಿರುಗಿಯೂ ನೋಡಲಿಲ್ಲ. 'ಕೂಗಿದೋರನ್ನ ನೋಡಿ ನಗೋದು ಇಲ್ಲಿ ಇಲ್ಲ' ಅಂದರು. ಆಮೇಲೆ ಎಲ್ಲರಿಗೂ 'ಇಳಿಸಿ' ಅಂದರು. ಎಲ್ಲರ ಕೈ ಇಳಿಯಿತು. ಪರದೆಯ ಬಳಿ ನನ್ನ ಜೋಡಿ ಮಾತ್ರ ಕೈ ಎತ್ತಿಕೊಂಡೇ ನಿಂತಿದ್ದರು. ಮೇಷ್ಟ್ರು ಅವರ ಹತ್ತಿರ ಹೋಗಿ ಮೆಲ್ಲಗೆ 'ಹೌದಾ?' ಅಂದರು. ಅವರು 'ಹೌದು' ಅಂದರು. ಇಲ್ಲ ಅನ್ನಬಹುದಿತ್ತು, ಅಕ್ಕ. ಕತ್ತಲು, ಸಾಕ್ಷಿ ಯಾರೂ ಇಲ್ಲ. ಎತ್ತಿದ ಕೈ ಇಟ್ಟುಕೊಂಡು ಸುಳ್ಳು ಹೇಳುವುದು ಅವರಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಅದಕ್ಕೂ ನಾನು ಬೆರಗಾದೆ, ಅಷ್ಟು ಸಿಟ್ಟಿನಲ್ಲೂ.

ಇತ್ತ ಹಾಲಿನಲ್ಲಿ ಬೇರೆ ರಾಮಾಯಣ. ಕೈ ಎತ್ತಿದವರು ಹಲಗೆಯನ್ನು ಗಾಜಿನ ಮೇಲೇ ಬಿಟ್ಟಿದ್ದರು. ಅದು ನಿಂತಲ್ಲೇ ನಿಂತರೆ ಅರಗು ಗಾಜಿಗೆ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡೇಬಿಟ್ಟಿತು. ಮಧ್ಯಾಹ್ನದ ಊಟ ಬಿಟ್ಟು ಎಲ್ಲರೂ ಅದಕ್ಕೆ ತಣ್ಣೀರು ಹನಿಸುತ್ತಾ, ಸವರುತ್ತಾ, ಬಿಟ್ಟುಕೊಡು ತಾಯಿ ಅಂತ ಬೇಡಿಕೊಳ್ಳುತ್ತಾ ಕೂತರು. ಅರಗಿನಣ್ಣ ನನ್ನ ಕೈಗೂ ಒಂದು ಚೊಂಬು ಕೊಟ್ಟು 'ನೀನೂ ಹನಿಸು' ಅಂದ. ಕ್ಷಮಿಸಿ ಅಣ್ಣ, ನನ್ನಿಂದ ಹೀಗಾಯ್ತು ಅಂದೆ. 'ನಿನ್ನಿಂದ ಏನಾಯ್ತು? ಕೂಗೋ ಹೊತ್ತಿಗೆ ಕೂಗಿದ್ದೀಯ. ಸುಮ್ನೆ ನೀರು ಹನಿಸು' ಅಂತ ಗದರಿದ. ಸಂಜೆ ಹೊತ್ತಿಗೆ ಹಲಗೆ 'ಪಚಕ್' ಅಂತ ಬಿಟ್ಟುಕೊಂಡಿತು, ಗಾಜಿಗೆ ಏನೂ ಆಗಿರಲಿಲ್ಲ. ಒಬ್ಬರೇ ಒಬ್ಬರು ನನ್ನನ್ನು ಏನೂ ಅನ್ನಲಿಲ್ಲ. ನಾನು ಬಸ್ಸಿನಲ್ಲಿ ಉದ್ದಕ್ಕೂ ಅತ್ತೆ, ಯಾಕೆ ಅಂತ ಕೇಳಬೇಡ.

ಆಮೇಲೆ ದೂರು, ವಿಚಾರಣೆ, ಎಲ್ಲ ನಡೆಯಿತು. ಬೆನ್ನ ಹಿಂದೆ ಆಡಿಕೊಂಡವರೂ ಇದ್ದಾರೆ, ಹೆಂಗಸು ಹೆಂಗಸಿನ ಮಧ್ಯೆ ಇದೇನು ದೊಡ್ಡ ರಾದ್ಧಾಂತ ಅಂತ. ನನ್ನ ಜೋಡಿಯನ್ನು ಬೇರೆ ಕಟ್ಟಡಕ್ಕೆ ಹಾಕಿದರು, ಹೊಸಬರಿಗೆ ಕಲಿಸುವ ಕೆಲಸ ತೆಗೆದರು, ನನ್ನ ಹತ್ತಿರ ಬರಕೂಡದು ಅಂದರು. ಹೋಗುವ ಮುಂಚೆ ಮೇಷ್ಟ್ರ ಎದುರಿಗೇ ಒಂದು ಮಾತು ಹೇಳಬೇಕು ಅಂದರು. ನಾನು ಒಪ್ಪಿದೆ. ಅವರು ತಲೆ ತಗ್ಗಿಸಿ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. 'ನಿಮ್ಮಕ್ಕನ ಮನೆ ವಿಷಯ ಒಂದಿನ ಹೇಳಿದೆಯಲ್ಲ, ಇಬ್ಬರೂ ಸೇರಿ ಗೋಡೆಗೆ ಬಣ್ಣ ಬಳಿದ್ರು, ಬಣ್ಣಕ್ಕೆ ಜಗಳ ಆಡಿದ್ರು ಅಂತ. ಅಂಥ ಮಾತನ್ನ ದನಿ ತಗ್ಗಿಸದೆ ಯಾರಾದ್ರೂ ಹೇಳಿದ್ದು ನಾನು ಹುಟ್ಟಿದಾಗಿಂದ ಕೇಳಿರಲಿಲ್ಲ. ನಂಗೋಸ್ಕರಾನೇ ಹೇಳ್ತಿದ್ದೀಯ ಅಂದ್ಕೊಂಡುಬಿಟ್ಟೆ.'

ಹುಟ್ಟಿದಾಗಿಂದ ಅಂದರೆ ಎಷ್ಟು ವರ್ಷ, ಅಕ್ಕ! ಆದರೂ ಹೇಳಬೇಕಾದ್ದನ್ನು ಹೇಳಿದೆ. 'ಅಕ್ಕನ ವಿಷಯ ಹೇಳಿದ್ದೂ ನಾನೇ, ಬೇಡ ಅಂದಿದ್ದೂ ನಾನೇ. ಎರಡರಲ್ಲಿ ಒಂದನ್ನ ಮಾತ್ರ ಕೇಳಿಸ್ಕೊಂಡ್ರಿ' ಅಂದೆ. ಅವರು 'ಹೌದು, ತಪ್ಪಾಯ್ತು' ಅಂದು, ಗಾಜಿನ ಕಡೆ ಒಂದು ಸಲ ನೋಡಿ ಹೊರಟುಹೋದರು. ನನಗೆ ಅವರ ಮೇಲಿನ ಸಿಟ್ಟು ಇಳಿದಿಲ್ಲ. ಅವರಿಂದ ಕಲಿತದ್ದೂ ಕೈಯಿಂದ ಇಳಿದಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓಡಾಡುವುದು ಹೇಗೆ ಅಂತ ನೀನೇ ಹೇಳಿಕೊಡಬೇಕು.

ಗಾಜು ನನ್ನ ಹತ್ತಿರವೇ ಉಳಿಯಿತು. ಈ ಸಲ ಬದಲಾದವಳು ಹೊಸಬಳಲ್ಲ. ನನ್ನ ಹೊಸ ಜೋಡಿ ಯಾರು ಅಂತ ಊಹಿಸು ನೋಡೋಣ. ಪುಡಿಯವಳು! ಅವಳೇ ಹೋಗಿ ಮೇಷ್ಟ್ರನ್ನು ಕೇಳಿದಳಂತೆ. ನನ್ನ ಹತ್ತಿರ ಬಂದು 'ಅವತ್ತು ನಕ್ಕಿದ್ದು ತಪ್ಪು ಕಣೇ, ಚಪ್ಪಲಿ ಬಿಚ್ಚಬೇಕಿತ್ತು' ಅಂದಳು. ಈಗ ನನ್ನ ಕೈ ಸರಿಪಡಿಸಬೇಕಾದರೂ ಮೊದಲು 'ಮಹಾರಾಣಿಯವರೇ, ಮುಟ್ಟಲಾ?' ಅಂತ ಕೇಳುತ್ತಾಳೆ. ನಾನು ಕೆಲವು ಸಲ ಬೇಕೆಂತಲೇ 'ಬೇಡ' ಅನ್ನುತ್ತೇನೆ. ಬೇಡ ಅಂದಾಗ ಒಬ್ಬರು ಸುಮ್ಮನೆ ಕೈ ಹಿಂದೆ ತೆಗೆದುಕೊಳ್ಳುವುದನ್ನು ನೋಡುವುದು ಎಷ್ಟು ಚೆನ್ನಾಗಿರುತ್ತದೆ ಗೊತ್ತಾ?

ನಿನ್ನೆ ನಾನೇ ಗಾಜಿನ ಮೇಲೆ ಹೆಬ್ಬೆರಳು ಇಟ್ಟು, ಓಡಿ ಬಂದು ಇಣುಕಿದೆ. ಬೆಟ್ಟ ಎದ್ದಿತ್ತು. ಕೂತು ನೋಡುತ್ತಲೇ ಇದ್ದೆ. ನಿಧಾನಕ್ಕೆ, ಬಹಳ ನಿಧಾನಕ್ಕೆ, ಅದು ಕರಗಿ ಮತ್ತೆ ಸಮ ಆಯಿತು. ಅದು ಎದ್ದಿರುವಾಗ ಉಜ್ಜಲು ಹೋಗಬಾರದು. ಹೋದರೆ ತಣ್ಣಗಾದ ಮೇಲೆ ಆ ಜಾಗದಲ್ಲಿ ಗುಳಿ ಬೀಳುತ್ತದೆ. ಸುಮ್ಮನೆ ಬಿಟ್ಟು ಕಾಯಬೇಕು. ಅದಕ್ಕೇ ಹೇಳುತ್ತಿದ್ದೇನೆ, ಈ ಪತ್ರ ಓದಿದ ಕೂಡಲೇ ಬಸ್ಸು ಹತ್ತಬೇಡ. ನಾನು ಇನ್ನೂ ತಣ್ಣಗಾಗುತ್ತಿದ್ದೇನೆ. ಗಾಜು ಮುಗಿದ ದಿನ ನಾನೇ ಕರೆಯುತ್ತೇನೆ. ಆಗ ಬಂದು ಇಣುಕು. ಆಮೇಲೂ ಕಿಟಕಿ ಗಾಜಿನ ಮಾತು ಎತ್ತುತ್ತೀಯಾ ನೋಡೋಣ.

ನಿನ್ನ,
ಇಣುಕಿ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ವಿಚಾರಣೆಯಲ್ಲಿ, ಆಕೆಗೆ ಅಂಥ ಭಾವನೆ ಯಾಕೆ ಬಂತು, ನೀವು ಏನು ಹೇಳಿದ್ದಿರಿ ಅಂತ ಕೇಳಿದರು. ನಿಮ್ಮ ಮನೆಯ ವಿಷಯ ಹೇಳಬೇಕಾಯಿತು. 'ನಮ್ಮಕ್ಕ ಮತ್ತು' ಅಂದು ತಡವರಿಸಿದೆ. ಇಷ್ಟು ವರ್ಷ ಅವರನ್ನು 'ಅವರು' ಅಂತಲೇ ದಾಟಿಸಿದ್ದೇನಲ್ಲ, ಈ ಪತ್ರದಲ್ಲೂ ದಾಟಿಸಿದ್ದೇನೆ, ನೋಡು. ಕೊನೆಗೆ 'ನಮ್ಮಕ್ಕ ಮತ್ತು ಅತ್ತಿಗೆ' ಅಂದೆ. ಬರೆದುಕೊಳ್ಳುತ್ತಿದ್ದ ಹಿರಿಯಾಕೆ ಕನ್ನಡಕ ಸರಿಮಾಡಿಕೊಂಡು 'ಅತ್ತಿಗೆ ಅಂದ್ರೆ ಅಣ್ಣನ ಹೆಂಡ್ತಿನಾ?' ಅಂದರು. ಅಲ್ಲ, ಅಕ್ಕನ ಹೆಂಡತಿ ಅಂದೆ. ಅವರು ಹಾಗೇ ಬರೆದುಕೊಂಡರು. ನಿನ್ನ ಅವರನ್ನು ಇನ್ನು ಮೇಲೆ ಅತ್ತಿಗೆ ಅಂತ ಕರೆಯಲಾ ಅಂತ ಕೇಳಿ ನೋಡು. ಅವರನ್ನೇ ಕೇಳು, ನೀನೇ ಹೂಂ ಅನ್ನಬೇಡ. ಬೇಡ ಅಂದರೆ ನನ್ನ ಎರಡೂ ಕೈ ಮೇಲೆ.